ಅಂಕಿ ಸರಿಯಿದೆ, ಬೆಸುಗೆ ಸರಿಯಿದೆಯೇ?

ತಗಡಿನ ಕಪಾಟಿನ ಬಾಗಿಲಿಗೆ ಹಾಕಿದ ಎರಡು ಸ್ಪಾಟ್ ಬೆಸುಗೆಗಳು ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಎರಡರ ಮೇಲೂ ಅದೇ ದುಂಡನೆಯ ಗುರುತು, ಸುತ್ತಲೂ ಅದೇ ನಸುನೀಲಿ ಉಂಗುರ. ಒಂದನ್ನು ಉಳಿಯಿಂದ ಎಬ್ಬಿಸಿದರೆ ತಗಡೇ ಹರಿದು ಬರುತ್ತದೆಯೇ ಹೊರತು ಬೆಸುಗೆ ಬಿಡುವುದಿಲ್ಲ. ಇನ್ನೊಂದು ಅಂಟಿಸಿದ ಕಾಗದದಂತೆ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. ಬಣ್ಣ ಬಳಿದ ಮೇಲೆ ಈ ವ್ಯತ್ಯಾಸವನ್ನು ತಯಾರಕನೂ ಕಾಣಲಾರ, ಮಾರುವ ವ್ಯಾಪಾರಿಯೂ ಕಾಣಲಾರ. ಕಾಣುವವನು ಕೊನೆಗೆ ಗ್ರಾಹಕನೊಬ್ಬನೇ. ಅದೂ ಸಾಮಾನನ್ನು ಮನೆಗೆ ಒಯ್ದು ಕೆಲವು ತಿಂಗಳು ಕಳೆದ ಮೇಲೆ.

ಈ ಕಾರಣದಿಂದಲೇ ಸ್ಪಾಟ್ ವೆಲ್ಡಿಂಗ್ ಯಂತ್ರಕ್ಕೆ ಡಿಜಿಟಲ್ ಕಂಟ್ರೋಲರ್ ಅಳವಡಿಸುವ ಉತ್ಸಾಹ ಸಣ್ಣ ಉದ್ಯಮಿಗಳಲ್ಲಿ ಬೆಳೆದಿರುವುದು ಸಹಜವಾಗಿದೆ. ತಿರುಗುಗುಂಡಿಯ ಹಳೆಯ ಟೈಮರ್‌ನ ಜಾಗದಲ್ಲಿ ಕೆಂಪು ಅಂಕಿಗಳು ಮಿನುಗುವ ಪೆಟ್ಟಿಗೆ ಬಂದರೆ ಗುಣಮಟ್ಟದ ಚಿಂತೆ ತೀರಿತು ಎಂಬ ಭಾವನೆ ಮೂಡುತ್ತದೆ. ಆದರೆ ಈ ಭಾವನೆ ಅರ್ಧ ಮಾತ್ರ ಸತ್ಯ. ಕಂಟ್ರೋಲರ್ ತೋರಿಸುವ ಅಂಕಿ ಬೇರೆ, ಎರಡು ತಗಡುಗಳ ನಡುವೆ ಹುಟ್ಟುವ ಕಾವು ಬೇರೆ. ಇವೆರಡನ್ನೂ ಒಂದಾಗಿಸುವ ಹೊಣೆ ಇಂದಿಗೂ ಮಾಲೀಕನದು ಮತ್ತು ಕೆಲಸಗಾರನದು. ಆ ಹೊಣೆಯನ್ನು ಅರಿಯದೆ ಹಣ ಸುರಿದರೆ ಕೆಟ್ಟ ಬೆಸುಗೆಯನ್ನು ಹೆಚ್ಚು ವೇಗವಾಗಿ, ಹೆಚ್ಚು ಧೈರ್ಯದಿಂದ ತಯಾರಿಸಿದಂತಾಗುತ್ತದೆ.

ಗದಗ-ಬೆಟಗೇರಿ ಅವಳಿ ನಗರ ಹಾಗೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳ ಮಟ್ಟಿಗೆ ಈ ವಿಚಾರ ಚಿಕ್ಕದಲ್ಲ. ಟ್ರಂಕು, ಕಪಾಟು, ಕಾಳು ತುಂಬಿಡುವ ತಗಡಿನ ಡಬ್ಬ, ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆ, ಕೂಲರ್‌ನ ಹೊರಕವಚ ಮೊದಲಾದ ತಗಡಿನ ಸಾಮಾನುಗಳಿಗೆ ಇಂಥ ಊರುಗಳ ಪೇಟೆ ಮತ್ತು ಸುತ್ತಲಿನ ಹಳ್ಳಿಗಳೇ ಗಿರಾಕಿ. ಕೊಳ್ಳುವವನು ಬಹುತೇಕ ರೈತ. ಅವನು ಒಮ್ಮೆ ಮೋಸಹೋದೆನೆಂದು ತಿಳಿದರೆ ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ತುಳಿಯುವುದಿಲ್ಲ. ತನ್ನ ಊರಿನವರನ್ನೂ ತುಳಿಯಗೊಡುವುದಿಲ್ಲ. ಇನ್ನೊಂದು ಕಡೆ ಹುಬ್ಬಳ್ಳಿ-ಧಾರವಾಡದ ದೊಡ್ಡ ಕಾರ್ಖಾನೆಗಳು ರಸ್ತೆಯಲ್ಲಿ ಕೆಲವೇ ಗಂಟೆಗಳ ಹಾದಿಯಲ್ಲಿವೆ. ಅವುಗಳ ಜಾಬ್‌ವರ್ಕ್ ಹಿಡಿಯಬೇಕೆಂಬ ಉದ್ಯಮಿ ತನ್ನ ಬೆಸುಗೆ ಬೆಳಿಗ್ಗೆ ಹೇಗಿತ್ತೋ ಸಂಜೆಗೂ ಹಾಗೆಯೇ ಇತ್ತೆಂದು ದಾಖಲೆ ಸಹಿತ ತೋರಿಸಬೇಕಾಗುತ್ತದೆ.

ಕಾವಿನ ಲೆಕ್ಕ

ಅಮೆರಿಕದ ಎಲಿಹು ಥಾಮ್ಸನ್ 1886ರಲ್ಲಿ ವಿದ್ಯುತ್ ಬೆಸುಗೆಗೆ ಪೇಟೆಂಟ್ ಪಡೆದಂದಿನಿಂದ ಈ ವಿದ್ಯೆಯ ಮೂಲತತ್ತ್ವ ಬದಲಾಗಿಲ್ಲ. ಎರಡು ತಗಡುಗಳನ್ನು ತಾಮ್ರದ ಟಿಪ್‌ಗಳ ನಡುವೆ ಒತ್ತಿ ಹಿಡಿದು, ಅತಿ ಕಡಿಮೆ ವೋಲ್ಟೇಜಿನ, ಸಾವಿರಾರು ಆಂಪಿಯರ್ ಪ್ರವಾಹವನ್ನು ಕ್ಷಣಕಾಲ ಹರಿಸಿದರೆ ತಗಡುಗಳು ಕೂಡುವ ಜಾಗದಲ್ಲಿ ಕಬ್ಬಿಣ ಕರಗಿ ಒಂದು ಬೊಟ್ಟಾಗಿ ಗಟ್ಟಿಗೊಳ್ಳುತ್ತದೆ. ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ, ಅಲ್ಲಿರುವ ವಿದ್ಯುತ್ ರೋಧಕ್ಕೆ ಮತ್ತು ಕಾಲಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಪ್ರವಾಹ ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ. ಪ್ರವಾಹದಲ್ಲಿ ಆಗುವ ಚಿಕ್ಕ ಏರಿಳಿತವೂ ಬೆಸುಗೆಯಲ್ಲಿ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೆ.

ಒಂದು ಮಿ.ಮೀ. ದಪ್ಪದ ಸಾದಾ ಉಕ್ಕಿನ ತಗಡಿಗೆ ಸುಮಾರು 8ರಿಂದ 10 ಸಾವಿರ ಆಂಪಿಯರ್, 200ರಿಂದ 250 ಕಿಲೋ ಒತ್ತಡ, 8ರಿಂದ 10 ಸೈಕಲ್ ಕಾಲ ಸಾಮಾನ್ಯ ಮಟ್ಟ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಒಂದು ಸೈಕಲ್ ಎಂದರೆ ಸೆಕೆಂಡಿನ 50ನೆಯ ಒಂದು ಭಾಗ. ಅಂದರೆ ಇಡೀ ಬೆಸುಗೆ ಸೆಕೆಂಡಿನ ಐದನೆಯ ಒಂದು ಭಾಗದೊಳಗೆ ಮುಗಿದುಹೋಗುತ್ತದೆ. ಇಷ್ಟು ಸೂಕ್ಷ್ಮ ಕಾಲವನ್ನು ಕೈಯಂದಾಜಿನಿಂದ ನಿಭಾಯಿಸುವುದು ಅಸಾಧ್ಯ. ಡಿಜಿಟಲ್ ಕಂಟ್ರೋಲರ್‌ನ ನಿಜವಾದ ಉಪಕಾರ ಇಲ್ಲಿದೆ. ಒತ್ತುವ ಕಾಲ, ಬೆಸೆಯುವ ಕಾಲ, ಹಿಡಿದಿಡುವ ಕಾಲ, ಬಿಡುವಿನ ಕಾಲ ಈ ನಾಲ್ಕನ್ನೂ ಅದು ಸೈಕಲ್ ಲೆಕ್ಕದಲ್ಲಿ ಎಣಿಸಿ ನಡೆಸುತ್ತದೆ. ಬೆನ್ನಿಗೆ ಬೆನ್ನು ಜೋಡಿಸಿದ ಎರಡು ಥೈರಿಸ್ಟರ್‌ಗಳನ್ನು ಪ್ರತಿ ಅರ್ಧ ಸೈಕಲ್‌ನಲ್ಲಿಯೂ ಬೇಕಾದ ಕ್ಷಣಕ್ಕೆ ತೆರೆದು ಪ್ರವಾಹವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹಳೆಯ ಟೈಮರ್‌ಗೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಂಟ್ರೋಲರ್ ಎಣಿಸುವುದು ಕಾಲವನ್ನು, ಅಳೆಯುವುದು ಹೆಚ್ಚೆಂದರೆ ಪ್ರವಾಹವನ್ನು. ಟಿಪ್ ಸವೆದಿದೆಯೇ, ತಗಡಿನ ಮೇಲೆ ತುಕ್ಕಿದೆಯೇ, ಗಾಳಿಯ ಒತ್ತಡ ಇಳಿದಿದೆಯೇ ಎಂಬುದನ್ನು ಸಾಮಾನ್ಯ ಬೆಲೆಯ ಕಂಟ್ರೋಲರ್ ಅರಿಯದು.

ವಿದ್ಯುತ್ತಿನ ಏರಿಳಿತ

ಮೊದಲ ತೊಡಕು ವೋಲ್ಟೇಜಿನದು. ಸ್ಪಾಟ್ ಯಂತ್ರಕ್ಕೆ ಎರಡು ಫೇಸ್‌ಗಳ ನಡುವಿನ 415 ವೋಲ್ಟ್ ದೊರೆಯಬೇಕು. ಮಾರ್ಗದ ಕೊನೆಯ ತುದಿಯಲ್ಲಿರುವ ಶೆಡ್ಡಿನಲ್ಲಿ ಅದು 370ಕ್ಕೆ ಇಳಿಯಿತು ಎನ್ನೋಣ. ಪ್ರವಾಹವೂ ಅದೇ ಪ್ರಮಾಣದಲ್ಲಿ ಇಳಿದರೆ ಕಾವು ಸುಮಾರು ಶೇ. 20ರಷ್ಟು ಕಡಿಮೆಯಾಗುತ್ತದೆ. 340ಕ್ಕೆ ಇಳಿದರೆ ಮೂರನೆಯ ಒಂದು ಭಾಗದಷ್ಟು ಕಾವು ಕೈಬಿಟ್ಟುಹೋಗುತ್ತದೆ. ಬೆಳಿಗ್ಗೆ ಗಟ್ಟಿಯಾಗಿ ಕೂತ ಬೆಸುಗೆ ಮಧ್ಯಾಹ್ನ ಬಿಟ್ಟುಕೊಳ್ಳಲು ಕೆಲಸಗಾರನ ಅಲಕ್ಷ್ಯವೇ ಕಾರಣವೆಂದು ಬಯ್ಯುವ ಮೊದಲು ಮಾಲೀಕನು ವೋಲ್ಟ್‌ಮೀಟರ್ ಕಡೆಗೆ ಒಮ್ಮೆ ನೋಡುವುದು ನ್ಯಾಯ.

ವೋಲ್ಟೇಜ್ ಏರಿಳಿತವನ್ನು ಸರಿದೂಗಿಸುವ ಹಾಗೂ ಪ್ರವಾಹವನ್ನು ಒಂದೇ ಮಟ್ಟದಲ್ಲಿಡುವ ಕಂಟ್ರೋಲರ್‌ಗಳು ಇಂಥ ಶೆಡ್ಡುಗಳಿಗೆ ಯೋಗ್ಯವಾದವು. ಯಂತ್ರದ ತೋಳಿನ ಸುತ್ತ ಸುತ್ತಿದ ಸುರುಳಿಯಿಂದ ಪ್ರವಾಹವನ್ನು ಅಳೆದು, ಕಡಿಮೆಯಾದರೆ ಮುಂದಿನ ಸೈಕಲ್‌ನಲ್ಲಿ ಹೆಚ್ಚಿಸುವುದು ಅವುಗಳ ಕ್ರಮ. ಹೆಚ್ಚಿನ ಬೆಲೆ ಕೊಟ್ಟರೂ ಅದು ದಂಡವಲ್ಲ. ಆದರೆ ಇಲ್ಲಿಯೂ ಒಂದು ಗುಟ್ಟಿದೆ. ಹೀಟ್ ಪ್ರಮಾಣವನ್ನು ಶೇ. 95ಕ್ಕೆ ಇಟ್ಟು ದುಡಿಸುವ ಯಂತ್ರಕ್ಕೆ ಹೆಚ್ಚಿಸಲು ಉಳಿದಿರುವುದೇ ಶೇ. 5. ಆಗ ವೋಲ್ಟೇಜ್ ಕುಸಿದರೆ ಕಂಟ್ರೋಲರ್ ಕೈಚೆಲ್ಲುತ್ತದೆ. ಟ್ರಾನ್ಸ್‌ಫಾರ್ಮರ್‌ನ ಟ್ಯಾಪನ್ನು ಒಂದು ಮೆಟ್ಟಿಲು ಮೇಲಕ್ಕೆ ಬದಲಿಸಿ, ದಿನನಿತ್ಯದ ಕೆಲಸ ಶೇ. 70ರಿಂದ 85ರ ನಡುವೆ ನಡೆಯುವಂತೆ ಹೊಂದಿಸಿದರೆ ಸರಿದೂಗಿಸಲು ಜಾಗ ಉಳಿಯುತ್ತದೆ. ಹಾಗೆಂದು ಶೇ. 40-50ಕ್ಕೆ ಇಳಿಸಿ ನಡೆಸುವುದೂ ಒಳಿತಲ್ಲ; ಪ್ರವಾಹ ತುಂಡುತುಂಡಾಗಿ ಹರಿದು ಪವರ್ ಫ್ಯಾಕ್ಟರ್ ಕೆಡುತ್ತದೆ.

ಒಂದೇ ಶೆಡ್ಡಿನಲ್ಲಿ ಎರಡು ಯಂತ್ರಗಳಿದ್ದರೆ ಎರಡೂ ಒಂದೇ ಕ್ಷಣದಲ್ಲಿ ಬೆಸೆಯತೊಡಗಿ ಒಂದರ ವೋಲ್ಟೇಜನ್ನು ಇನ್ನೊಂದು ನುಂಗುವುದುಂಟು. ಒಂದು ಬೆಸೆಯುವಾಗ ಮತ್ತೊಂದು ಕೆಲವು ಸೈಕಲ್ ಕಾಯುವಂತೆ ಎರಡೂ ಕಂಟ್ರೋಲರ್‌ಗಳ ನಡುವೆ ಇಂಟರ್‌ಲಾಕ್ ತಂತಿ ಹಾಕಿದರೆ ಈ ತೊಂದರೆ ನೀಗುತ್ತದೆ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಆದರೂ ಅನೇಕರು ಇದನ್ನು ಕೇಳಿ ಮಾಡಿಸಿಕೊಳ್ಳುವುದಿಲ್ಲ.

ಸವಳು ನೀರು, ಎರೆಮಣ್ಣಿನ ಧೂಳು

ಎರಡನೆಯ ತೊಡಕು ನೀರಿನದು; ಈ ಭಾಗದ ಉದ್ಯಮಿಗಳು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸತಕ್ಕದ್ದು ಇದನ್ನೇ. ಟಿಪ್, ಟ್ರಾನ್ಸ್‌ಫಾರ್ಮರ್, ಥೈರಿಸ್ಟರ್ ಮೂರಕ್ಕೂ ತಂಪು ನೀರು ಹರಿಯುತ್ತಲೇ ಇರಬೇಕು. ಪ್ರತಿ ಟಿಪ್‌ಗೆ ನಿಮಿಷಕ್ಕೆ ಸುಮಾರು 4 ಲೀಟರ್ ಹರಿವು ಒಳ್ಳೆಯ ಅಳತೆ. ಕೊಳವೆಬಾವಿಯ ಸವಳು ನೀರನ್ನು ನೇರವಾಗಿ ಬಿಟ್ಟರೆ ಕಾವಿಗೆ ಅದರೊಳಗಿನ ಸುಣ್ಣದಂಶ ಕೊಳವೆಯ ಒಳಮೈಗೆ ಹತ್ತಿಕೊಳ್ಳುತ್ತದೆ. ಚಹಾ ಕಾಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಪೊರೆ ಕಾವನ್ನು ನೀರಿಗೆ ದಾಟಗೊಡುವುದಿಲ್ಲ. ಟಿಪ್ ಬೇಗ ಮೆತ್ತಗಾಗಿ ಅಣಬೆಯಂತೆ ಅರಳುತ್ತದೆ. ಬೆಲೆಬಾಳುವ ಥೈರಿಸ್ಟರ್ ಒಂದು ದಿನ ಸುಟ್ಟುಹೋಗುತ್ತದೆ. ದೋಷ ಕಂಟ್ರೋಲರ್ ತಯಾರಕರ ತಲೆಗೆ ಬರುತ್ತದೆ, ನಿಜವಾದ ಅಪರಾಧಿ ಕೊಳವೆಯೊಳಗೆ ಕುಳಿತಿರುತ್ತದೆ.

ಪರಿಹಾರ ತಲೆಯ ಮೇಲೆಯೇ ಇದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುತ್ತದೆ. 200 ಚದರ ಮೀಟರ್ ತಗಡಿನ ಛಾವಣಿಯಿರುವ ಶೆಡ್ಡಿನ ಮೇಲೆ ಬೀಳುವ ನೀರು ಒಂದು ಲಕ್ಷ ಇಪ್ಪತ್ತು ಸಾವಿರ ಲೀಟರ್. ಸೋರಿಕೆ, ಮೊದಲ ಮಳೆಯ ಕೊಳೆ ಕಳೆದರೂ ಮುಕ್ಕಾಲು ಭಾಗ ಉಳಿಯುತ್ತದೆ. ಯಂತ್ರಕ್ಕೆ ಬೇಕಾಗುವುದು ಕೆಲವು ನೂರು ಲೀಟರ್‌ಗಳ ಮುಚ್ಚಿದ ತೊಟ್ಟಿ, ಒಂದು ಚಿಕ್ಕ ಪಂಪು, ನೀರು ಆರಿಸುವ ವ್ಯವಸ್ಥೆ ಮಾತ್ರ. ಅದೇ ನೀರು ಸುತ್ತಿ ಸುತ್ತಿ ಬರುತ್ತದೆ. ಆವಿಯಾದಷ್ಟು ಮಳೆನೀರನ್ನು ತುಂಬಿಕೊಂಡರಾಯಿತು. ವಾರಗಟ್ಟಲೆ ನಲ್ಲಿಯ ದಾರಿ ಕಾಯುವ ಊರುಗಳಲ್ಲಿ ತಂಪು ಮಾಡಿದ ನೀರನ್ನು ಗಟಾರಕ್ಕೆ ಬಿಡುವುದು ಲೆಕ್ಕದ ದೃಷ್ಟಿಯಿಂದಲೂ ಲೋಕದ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ.

ನೀರು ನಿಂತಾಗ ಯಂತ್ರವನ್ನು ನಿಲ್ಲಿಸುವ ಫ್ಲೋ ಸ್ವಿಚ್ ಮತ್ತು ಕಾವು ಮೀರಿದಾಗ ನಿಲ್ಲಿಸುವ ಥರ್ಮೋಸ್ಟಾಟ್ ಕಂಟ್ರೋಲರ್‌ನ ಕಣ್ಣು ಕಿವಿಗಳಿದ್ದಂತೆ. ಕೆಲಸ ನಿಲ್ಲಬಾರದೆಂದು ಇವೆರಡರ ತಂತಿಗಳನ್ನು ಜೋಡಿಸಿ ಬಾಯಿ ಮುಚ್ಚಿಸುವ ಕೆಟ್ಟ ರೂಢಿ ಅಲ್ಲಲ್ಲಿ ಉಂಟು. ಅರ್ಧ ದಿನದ ಕೆಲಸ ಉಳಿಸಲು ಹೋಗಿ ತಿಂಗಳ ಗಳಿಕೆಯನ್ನು ಕಳೆದುಕೊಳ್ಳುವ ದಾರಿ ಅದು.

ಇನ್ನು ಧೂಳು. ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಗಾಳಿಗೆ ಏಳುವ ನುಣುಪು ಧೂಳು ಪೆಟ್ಟಿಗೆಯೊಳಗಿನ ಕಾರ್ಡುಗಳ ಮೇಲೆ ಕೂತು, ಮಳೆಗಾಲದ ತೇವ ಸೇರಿದೊಡನೆ ವಿದ್ಯುತ್ತಿಗೆ ಕಳ್ಳದಾರಿಯಾಗುತ್ತದೆ. ಪೆಟ್ಟಿಗೆಯ ಬಾಗಿಲಿನ ರಬ್ಬರು ಅಂಚು ಹಾಳಾಗದಂತೆ ನೋಡುವುದು, ತಿಂಗಳಿಗೊಮ್ಮೆ ವಿದ್ಯುತ್ ಪೂರ್ಣ ಕಡಿದು ಮೆತ್ತನೆಯ ಕುಂಚದಿಂದ ಒರೆಸುವುದು, ತಂತಿ ಕಟ್ಟಿದ ಸ್ಕ್ರೂಗಳನ್ನು ಬಿಗಿಮಾಡುವುದು ಅವಶ್ಯ. ಕಂಪ್ರೆಸರ್ ಗಾಳಿಯಿಂದ ಊದಿಸುವವರು ಆ ಗಾಳಿಯಲ್ಲಿ ನೀರಿನ ಹನಿಗಳಿರುತ್ತವೆ ಎಂಬುದನ್ನು ಮರೆಯಬಾರದು.

ಟಿಪ್ ಮತ್ತು ಗಾಳಿಯ ಒತ್ತಡ

ಕಂಟ್ರೋಲರ್‌ನ ಅಂಕಿ ಸರಿಯಾಗಿದ್ದೂ ಬೆಸುಗೆ ಕೆಡುವುದು ಹೇಗೆ ಎಂಬುದಕ್ಕೆ ಟಿಪ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. 5 ಮಿ.ಮೀ. ಅಗಲದ ಟಿಪ್ ಸವೆದು 6 ಮಿ.ಮೀ. ಆದರೆ ಅದರ ಮುಖದ ವಿಸ್ತೀರ್ಣ ಶೇ. 44ರಷ್ಟು ಹೆಚ್ಚುತ್ತದೆ. 7 ಮಿ.ಮೀ. ಆದರೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅದೇ 9 ಸಾವಿರ ಆಂಪಿಯರ್ ಈಗ ಎರಡು ಪಟ್ಟು ಜಾಗದಲ್ಲಿ ಹಂಚಿಹೋಗುತ್ತದೆ. ಕಂಟ್ರೋಲರ್ 9 ಸಾವಿರ ಎಂದು ಪ್ರಾಮಾಣಿಕವಾಗಿ ತೋರಿಸುತ್ತದೆ, ತಗಡು ಮಾತ್ರ ಕರಗುವುದಿಲ್ಲ. ಸತುವಿನ ಲೇಪವಿರುವ ಜಿ.ಐ. ತಗಡಿನಲ್ಲಿ ಈ ಸವೆತ ಮತ್ತಷ್ಟು ಬೇಗ. ಸತು ತಾಮ್ರದೊಡನೆ ಬೆರೆತು ಟಿಪ್‌ನ ಮುಖವನ್ನೇ ಹಿತ್ತಾಳೆಯಾಗಿಸುತ್ತದೆ.

ಇದನ್ನು ತಿಳಿಯಲು ದುಬಾರಿ ಉಪಕರಣ ಬೇಡ. ಬಿಲ್ ಪುಸ್ತಕದ ಕಾರ್ಬನ್ ಹಾಳೆಯನ್ನು ಬಿಳಿ ಕಾಗದದೊಡನೆ ಟಿಪ್‌ಗಳ ನಡುವೆ ಇಟ್ಟು, ಪ್ರವಾಹವಿಲ್ಲದೆ ಒಮ್ಮೆ ಒತ್ತಿಸಿದರೆ ಟಿಪ್‌ನ ಅಚ್ಚು ಕಾಗದದ ಮೇಲೆ ಮೂಡುತ್ತದೆ. ದುಂಡಗಿದೆಯೇ, ಓರೆಯಾಗಿದೆಯೇ, ಎಷ್ಟು ಅಗಲವಿದೆ ಎಂಬುದು ಕಣ್ಣೆದುರಿಗೇ ಬರುತ್ತದೆ. ಮುದ್ರಣ ಕಾಶಿಯೆನಿಸಿದ ಗದಗಿನ ಜನರಿಗೆ ಅಚ್ಚನ್ನು ನೋಡಿ ಯಂತ್ರದ ದೋಷ ಹೇಳುವ ಕಲೆಯನ್ನು ಹೊಸದಾಗಿ ಕಲಿಸಬೇಕಿಲ್ಲ.

ಅನೇಕ ಕಂಟ್ರೋಲರ್‌ಗಳಲ್ಲಿ ಸ್ಟೆಪ್ಪರ್ ಎಂಬ ಏರ್ಪಾಡಿದೆ. ಇಂತಿಷ್ಟು ಬೆಸುಗೆಗಳಾದ ಮೇಲೆ ಟಿಪ್ ಇಷ್ಟು ಸವೆದಿರಬಹುದೆಂದು ಊಹಿಸಿ ಅದು ಪ್ರವಾಹವನ್ನು ಹಂತಹಂತವಾಗಿ ಏರಿಸುತ್ತದೆ. ಟಿಪ್‌ನ ಮುಖವನ್ನು ಮತ್ತೆ ಸರಿಪಡಿಸಿದೊಡನೆ ಎಣಿಕೆಯನ್ನು ಸೊನ್ನೆಗೆ ತರಬೇಕು. ತರದಿದ್ದರೆ ಹೊಸ ಟಿಪ್‌ಗೆ ಹಳೆಯ ಟಿಪ್‌ನ ಪ್ರವಾಹ ಹರಿದು ತಗಡು ತೂತಾಗುತ್ತದೆ. ಟಿಪ್ ಮುಟ್ಟದೆಯೇ ಎಣಿಕೆಯನ್ನು ಸೊನ್ನೆಗೆ ತಂದರೆ ಬೆಸುಗೆ ಹಸಿಯಾಗಿ ಉಳಿಯುತ್ತದೆ. ಟಿಪ್ ಸರಿಪಡಿಸುವ ಕೈ ಮತ್ತು ಗುಂಡಿ ಒತ್ತುವ ಕೈ ಒಂದೇ ಆಗಿರಬೇಕೆಂಬ ನಿಯಮವನ್ನು ಶೆಡ್ಡಿನಲ್ಲಿ ಮಾಡಿಕೊಳ್ಳುವುದು ಲೇಸು.

ಗಾಳಿಯ ವಿಷಯವೂ ಹೀಗೆಯೇ. ಒಂದೇ ಕಂಪ್ರೆಸರ್‌ನಿಂದ ಬಣ್ಣದ ಗನ್ನೂ ಸ್ಪಾಟ್ ಯಂತ್ರವೂ ನಡೆಯುವಾಗ ಒತ್ತಡ ಇಳಿದು ಟಿಪ್‌ಗಳು ತಗಡನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಆಗ ಕರಗಿದ ಲೋಹ ಕಿಡಿಯಾಗಿ ಚಿಮ್ಮುತ್ತದೆ. ಕಿಡಿ ಹೆಚ್ಚಿದಷ್ಟೂ ಬೆಸುಗೆ ಗಟ್ಟಿ ಎಂಬ ತಪ್ಪು ನಂಬಿಕೆ ಇನ್ನೂ ಜೀವಂತವಾಗಿದೆ. ಚಿಮ್ಮುವ ಪ್ರತಿ ಕಿಡಿಯೂ ಬೆಸುಗೆಯೊಳಗೆ ಇರಬೇಕಾಗಿದ್ದ ಲೋಹ. ಯಂತ್ರದ ಹತ್ತಿರ ಪ್ರತ್ಯೇಕ ಗಾಳಿ ತೊಟ್ಟಿ ಇರಿಸುವುದು, ಪ್ರತಿದಿನ ಫಿಲ್ಟರ್‌ನ ನೀರು ಬಸಿಯುವುದು ಇದಕ್ಕೆ ಸರಳ ಉಪಾಯ.

ಕೆಲಸಗಾರ, ಕೂಲಿ ಮತ್ತು ಪಾಸ್‌ವರ್ಡ್

ತಂತ್ರದ ಮಾತಿಗಿಂತ ಕಠಿಣವಾದದ್ದು ಮನುಷ್ಯರ ಮಾತು. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಕೆಲಸಗಾರನಿಗೆ ಪ್ರತಿ ಸೈಕಲ್ ಕೂಡ ಹಣ. ಒತ್ತುವ ಕಾಲವನ್ನೂ ಹಿಡಿದಿಡುವ ಕಾಲವನ್ನೂ ಕಡಿಮೆ ಮಾಡಿದರೆ ದಿನಕ್ಕೆ ಹೆಚ್ಚು ಬೆಸುಗೆ ಬೀಳುತ್ತವೆಂದು ಅವನು ಬೇಗನೆ ಕಂಡುಕೊಳ್ಳುತ್ತಾನೆ. ಒತ್ತಡ ಪೂರ್ತಿ ಬರುವ ಮೊದಲೇ ಪ್ರವಾಹ ಹರಿಯುತ್ತದೆ, ಲೋಹ ಗಟ್ಟಿಯಾಗುವ ಮೊದಲೇ ಟಿಪ್ ಮೇಲೇಳುತ್ತದೆ. ಎಣಿಕೆಯಲ್ಲಿ ಲಾಭ, ಗುಣದಲ್ಲಿ ನಷ್ಟ. ಇದಕ್ಕೆ ಅವನನ್ನು ದೂರುವುದು ಸುಲಭ. ಎಣಿಕೆಗೆ ಮಾತ್ರ ಕೂಲಿ ಕೊಟ್ಟು ಗುಣವನ್ನು ನಿರೀಕ್ಷಿಸುವ ಪದ್ಧತಿಯೇ ಮೂಲದೋಷ. ಸುಲಿದು ನೋಡಿದ ಮಾದರಿ ಸರಿಯಿದ್ದ ದಿನಕ್ಕೆ ಒಂದಿಷ್ಟು ಹೆಚ್ಚು ಕೊಡುವ ಮಾಲೀಕನು ದೀರ್ಘಕಾಲದಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಇದರ ಇನ್ನೊಂದು ಮುಖ ಪಾಸ್‌ವರ್ಡ್. ಕೆಲವೆಡೆ ಕಂಟ್ರೋಲರ್‌ನ ಪಾಸ್‌ವರ್ಡ್ ಮಾರಾಟಗಾರನ ತಂತ್ರಜ್ಞನ ಬಳಿಯೇ ಉಳಿದು, ತಗಡಿನ ದಪ್ಪ ಬದಲಾದಾಗಲೂ ಬೆಂಗಳೂರಿಗೋ ಪುಣೆಗೋ ದೂರವಾಣಿ ಮಾಡಬೇಕಾದ ಸ್ಥಿತಿ ಉಂಟಾಗುತ್ತದೆ. ಬೇರೆ ಕೆಲವೆಡೆ ಪಾಸ್‌ವರ್ಡ್ ಇಲ್ಲವೇ ಇಲ್ಲ. ಬಂದವರೆಲ್ಲ ಗುಂಡಿ ಒತ್ತುತ್ತಾರೆ. ಎರಡೂ ತಪ್ಪು. ಪಾಸ್‌ವರ್ಡ್ ಮಾಲೀಕನ ಮತ್ತು ಅವನು ಒಪ್ಪಿದ ಒಬ್ಬ ಹಿರಿಯ ಕೆಲಸಗಾರನ ಕೈಯಲ್ಲಿರಬೇಕು. ತಗಡಿನ ಬಗೆ, ದಪ್ಪ, ಟಿಪ್‌ನ ಅಗಲ, ಗಾಳಿಯ ಒತ್ತಡ, ನಾಲ್ಕು ಕಾಲಗಳು, ಹೀಟ್ ಪ್ರಮಾಣ ಇವನ್ನೆಲ್ಲ ಪ್ರತಿ ಕೆಲಸಕ್ಕೂ ಒಂದು ಪುಟದಂತೆ ವಹಿಯಲ್ಲಿ ಬರೆದಿಡಬೇಕು. ಹಳೆಯ ಮಾದರಿಯ ಕೆಲವು ಕಂಟ್ರೋಲರ್‌ಗಳು ಸ್ಮೃತಿಯನ್ನು ಒಂದು ಚಿಕ್ಕ ಬ್ಯಾಟರಿಯ ಬಲದಿಂದ ಉಳಿಸಿಕೊಳ್ಳುತ್ತವೆ. ಬ್ಯಾಟರಿ ಸತ್ತ ದಿನ ಎಲ್ಲ ಅಂಕಿಗಳೂ ಅಳಿದುಹೋಗುತ್ತವೆ. ವಹಿಯಿದ್ದವನು ಹತ್ತು ನಿಮಿಷದಲ್ಲಿ ಮತ್ತೆ ಕೆಲಸ ಆರಂಭಿಸುತ್ತಾನೆ, ಇಲ್ಲದವನು ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ರೋಕಡಿ, ಖಾತೆ ಕೀರ್ದಿಗಳನ್ನು ಒಂದು ದಿನವೂ ತಪ್ಪಿಸದೆ ಬರೆಯುವ ವ್ಯಾಪಾರಿ ಸಮುದಾಯಕ್ಕೆ ಇನ್ನೊಂದು ವಹಿ ಭಾರವಾಗಲಾರದು.

ಸುಲಿದು ನೋಡುವ ಪರೀಕ್ಷೆಯನ್ನು ದುಂದು ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಬಹುದು. 25 ಮಿ.ಮೀ. ಅಗಲ, 100 ಮಿ.ಮೀ. ಉದ್ದ, 1 ಮಿ.ಮೀ. ದಪ್ಪದ ಎರಡು ಪಟ್ಟಿಗಳ ತೂಕ ಸುಮಾರು 40 ಗ್ರಾಂ. ದಿನಕ್ಕೆ ನಾಲ್ಕು ಬಾರಿ ಬೆಸೆದು, ವೈಸ್‌ನಲ್ಲಿ ಹಿಡಿದು ಸುಲಿದು ನೋಡಿದರೂ 25 ದಿನಕ್ಕೆ ಖರ್ಚಾಗುವುದು 4 ಕಿಲೋ ತಗಡು. ಅದೂ ಕತ್ತರಿಸಿ ಉಳಿದ ಚೂರುಗಳಿಂದಲೇ ಸಿಗುತ್ತದೆ. ಸುಲಿದಾಗ ಒಂದು ತಗಡಿನಿಂದ ಸುಮಾರು 5 ಮಿ.ಮೀ. ಅಗಲದ ಬೊಟ್ಟು ಕಿತ್ತುಬಂದು ತೂತು ಬಿದ್ದರೆ ಬೆಸುಗೆ ಉತ್ತಮ. ಬರೀ ಗುರುತು ಉಳಿದು ಬೇರೆಯಾದರೆ ಆ ಹೊತ್ತಿನ ಮಾಲನ್ನು ಬಣ್ಣಕ್ಕೆ ಕಳಿಸದೆ ತಡೆಯಬೇಕು. ಹಿಂದಿರುಗಿ ಬರುವ ಒಂದೇ ಕಪಾಟಿನ ಸಾಗಣೆ ಖರ್ಚು ಈ 4 ಕಿಲೋ ತಗಡಿನ ಬೆಲೆಯನ್ನು ಮೀರೀತು.

ಜೀವಕ್ಕಿಂತ ದೊಡ್ಡ ಉತ್ಪನ್ನವಿಲ್ಲ

ಟಿಪ್‌ಗಳ ನಡುವಿನ ವೋಲ್ಟೇಜ್ ಬಹಳ ಕಡಿಮೆಯಾದ್ದರಿಂದ ಯಂತ್ರ ನಿರಪಾಯ ಎಂಬ ಮಾತು ಬಳಕೆಯಲ್ಲಿದೆ. ಆದರೆ ಪೆಟ್ಟಿಗೆಯೊಳಗೆ ಇರುವುದು 415 ವೋಲ್ಟ್. ಥೈರಿಸ್ಟರ್ ಒಳಗೇ ಸುಟ್ಟು ಕೂಡಿಕೊಂಡರೆ, ಕಂಟ್ರೋಲರ್ ಆಜ್ಞೆ ಕೊಡದಿದ್ದರೂ ಟಿಪ್‌ಗಳು ತಗಡಿಗೆ ತಾಗಿದೊಡನೆ ಪ್ರವಾಹ ಹರಿಯುತ್ತದೆ. ಎರಡು ಥೈರಿಸ್ಟರ್‌ಗಳಲ್ಲಿ ಒಂದು ಮಾತ್ರ ತೆರೆಯುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಗುಡುಗಿದಂತೆ ಸದ್ದುಮಾಡಿ ಫ್ಯೂಸ್ ಹಾರುತ್ತದೆ. ಇಂಥ ಸಂದರ್ಭದಲ್ಲಿ ದಪ್ಪ ತಂತಿಯ ಫ್ಯೂಸ್ ಕಟ್ಟಿ ಮುಂದುವರಿಸುವುದು ಅಪಘಾತವನ್ನು ಕರೆದು ಕೂರಿಸಿಕೊಂಡಂತೆ. ದೋಷ ಕಂಡಾಗ ತಾನಾಗಿ ಬೀಳುವ ಬ್ರೇಕರ್, ಸರಿಯಾದ ಅರ್ಥಿಂಗ್ ಎರಡರಲ್ಲಿಯೂ ಕೈಹಿಡಿತ ಸಲ್ಲದು.

ಇದಕ್ಕಿಂತ ಹೆಚ್ಚಿನ ಅಪಾಯ ಬೆರಳಿನದು. ನೂರಾರು ಕಿಲೋ ಒತ್ತಡದಿಂದ ಇಳಿಯುವ ಟಿಪ್ ಬೆರಳನ್ನು ಗುರುತಿಸದು. ಟಿಪ್‌ಗಳ ನಡುವೆ ಬೆರಳು ತೂರದಷ್ಟು ಮಾತ್ರ ಅಂತರವಿಡುವುದು, ಆಗದಿದ್ದಲ್ಲಿ ಎರಡೂ ಕೈಗಳಿಂದ ಒತ್ತುವ ಗುಂಡಿಗಳನ್ನು ಹಾಕಿಸುವುದು, ಕಾಲಿನ ಪೆಡಲಿಗೆ ಮುಚ್ಚಳ ಕಟ್ಟುವುದು, ಕಣ್ಣಿಗೆ ಕನ್ನಡಕ ಕೊಡುವುದು ಮಾಲೀಕನ ಧರ್ಮ. ಎದೆಯಲ್ಲಿ ಪೇಸ್‌ಮೇಕರ್ ಇರುವವರನ್ನು ಈ ಯಂತ್ರದ ಸಮೀಪ ಬಿಡಲಾಗದು. ಸಾವಿರಾರು ಆಂಪಿಯರ್ ಪ್ರವಾಹದ ಸುತ್ತ ಏಳುವ ಕಾಂತಕ್ಷೇತ್ರ ಆ ಉಪಕರಣವನ್ನು ತಪ್ಪುದಾರಿಗೆಳೆಯಬಲ್ಲದು.

ಕೊಳ್ಳುವಾಗ ಕೇಳಬೇಕಾದದ್ದು

ಕಂಟ್ರೋಲರ್ ಕೊಳ್ಳುವಾಗ ಬೆಲೆಯ ಚೌಕಾಶಿಯಲ್ಲಿ ತೋರುವ ಜಾಣತನವನ್ನು ಷರತ್ತುಗಳಲ್ಲಿಯೂ ತೋರಬೇಕು. ಪಾಸ್‌ವರ್ಡ್ ಮತ್ತು ವೈರಿಂಗ್ ನಕ್ಷೆ ಖರೀದಿಯೊಡನೆ ಕೈಗೆ ಬರಬೇಕು. ದೋಷದ ಸಂಕೇತಗಳ ಪಟ್ಟಿ ಕನ್ನಡದಲ್ಲಿ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿರಬೇಕು. ತಂತ್ರಜ್ಞನು ಮಾಲೀಕನಿಗೆ ಮಾತ್ರವಲ್ಲ, ಯಂತ್ರದ ಮುಂದೆ ನಿಲ್ಲುವ ಕೆಲಸಗಾರನಿಗೆ ಒಂದು ದಿನವಾದರೂ ಕಲಿಸಬೇಕು. ಥೈರಿಸ್ಟರ್ ಮತ್ತು ಕಾರ್ಡು ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಬರವಣಿಗೆಯಲ್ಲಿರಬೇಕು. ಯಂತ್ರ ನಿಂತ ದಿನಗಳ ಬೆಲೆಯನ್ನು ಕೂಡಿಸಿ ನೋಡಿದರೆ ಅಗ್ಗದ ಕಂಟ್ರೋಲರ್ ಎಷ್ಟೋ ಸಲ ದುಬಾರಿಯಾಗಿ ಕಾಣುತ್ತದೆ. ಇದಾವುದೂ ಅತಿಯಾದ ಬೇಡಿಕೆಯಲ್ಲ. ಒಬ್ಬೊಬ್ಬರಾಗಿ ಕೇಳಿದರೆ ಮಾರಾಟಗಾರ ಕಿವಿಗೆ ಹಾಕಿಕೊಳ್ಳದೆ ಇರಬಹುದು. ಹತ್ತು ಜನ ಕೂಡಿ ಕೇಳಿದರೆ ಕೊಡಲೇಬೇಕಾಗುತ್ತದೆ.

ಕೂಡಿ ಮಾಡುವ ದಾರಿ

ಹಳೆಯ ಟೈಮರ್‌ನಲ್ಲಿಯೇ ಇಪ್ಪತ್ತು ವರ್ಷ ದುಡಿದಿದ್ದೇವೆ, ಈ ಹೊಸ ಪಾಡೇಕೆ ಎನ್ನುವ ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಅವರ ಕಿವಿ ಬೆಸುಗೆಯ ಸದ್ದನ್ನು ಗುರುತಿಸಬಲ್ಲದು, ಕಣ್ಣು ಉಂಗುರದ ಬಣ್ಣ ಓದಬಲ್ಲದು. ಆದರೆ ಆ ಅನುಭವ ಅವರೊಡನೆಯೇ ಮುಗಿಯುತ್ತದೆ. ಮಗನಿಗಾಗಲಿ ಹೊಸ ಹುಡುಗನಿಗಾಗಲಿ ಅಂಕಿಯ ರೂಪದಲ್ಲಿ ದಾಟುವುದಿಲ್ಲ. ಡಿಜಿಟಲ್ ಕಂಟ್ರೋಲರ್‌ನ ದೊಡ್ಡ ಗುಣವೆಂದರೆ ಅನುಭವಿಯ ಅಂದಾಜನ್ನು ಬರೆದಿಡಬಹುದಾದ ಅಳತೆಯಾಗಿಸುವುದು. ಹಿರಿಯರ ಕಣ್ಣು ಮತ್ತು ಹೊಸ ಅಂಕಿ ಎರಡೂ ಕೂಡಿದಲ್ಲಿ ಮಾತ್ರ ಅದರ ಪ್ರಯೋಜನ ಪೂರ್ಣ.

ಬೆಸುಗೆಯ ಪ್ರವಾಹವನ್ನು ಅಳೆಯುವ ಮೀಟರ್, ಟಿಪ್‌ನ ಒತ್ತಡ ಅಳೆಯುವ ಗೇಜ್, ವೋಲ್ಟೇಜಿನ ಏರಿಳಿತವನ್ನು ದಿನವಿಡೀ ದಾಖಲಿಸುವ ಉಪಕರಣ ಈ ಮೂರು ಕಂಟ್ರೋಲರ್‌ನ ಮಾತು ನಿಜವೋ ಸುಳ್ಳೋ ಎಂದು ಹೇಳುವ ಸಾಕ್ಷಿಗಳು. ಪ್ರತಿ ಶೆಡ್ಡೂ ಇವನ್ನು ಕೊಳ್ಳುವುದು ಅನಗತ್ಯ. ವರ್ಷಕ್ಕೆ ಎರಡು ಬಾರಿ ಬಳಸಲು ಯಾರೂ ಬಂಡವಾಳ ಹೂಡಲಾರರು. ಜಿಲ್ಲೆಯ ವಾಣಿಜ್ಯೋದ್ಯಮ ಸಂಸ್ಥೆಯು ಒಂದು ಜೊತೆಯನ್ನು ಕೊಂಡು ಗದಗ-ಬೆಟಗೇರಿಯಲ್ಲಿಟ್ಟು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಸರದಿಯ ಮೇಲೆ ಚಿಕ್ಕ ಬಾಡಿಗೆಗೆ ಕಳಿಸಿದರೆ ಎಲ್ಲರಿಗೂ ಒದಗುತ್ತದೆ. ಗದಗಿನ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜು, ಕೈಗಾರಿಕಾ ತರಬೇತಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಆ ಉಪಕರಣ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಹೋಗುವುದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ವೋಲ್ಟೇಜಿನ ದಾಖಲೆ ಕೈಯಲ್ಲಿದ್ದರೆ ವಿದ್ಯುತ್ ಕಂಪನಿಯ ಮುಂದೆ ಇಡುವ ಅಹವಾಲಿಗೂ ತೂಕ ಬರುತ್ತದೆ. ಬರೀ ಗೊಣಗಾಟಕ್ಕೆ ಎಲ್ಲಿಯೂ ಉತ್ತರ ಸಿಗುವುದಿಲ್ಲ.

ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿ 2022ರಲ್ಲಿ ಪರಿಷ್ಕರಿಸಿದ ಜೆಡ್ ಪ್ರಮಾಣಪತ್ರ ಯೋಜನೆ ಸಣ್ಣ ಉದ್ಯಮಗಳಿಗೆ ದೋಷರಹಿತ ಉತ್ಪಾದನೆಯ ಮಾನ್ಯತೆ ನೀಡುವಂಥದ್ದು. ಪರಿಷ್ಕೃತ ಯೋಜನೆಯಲ್ಲಿ ಪ್ರಮಾಣಪತ್ರದ ವೆಚ್ಚಕ್ಕೆ ಅತಿ ಸಣ್ಣ ಘಟಕಗಳಿಗೆ ಶೇ. 80, ಸಣ್ಣ ಘಟಕಗಳಿಗೆ ಶೇ. 60ರ ಸಹಾಯಧನ ಗೊತ್ತುಪಡಿಸಲಾಯಿತು. ಸೆಟ್ಟಿಂಗ್ ವಹಿ, ಸುಲಿದು ನೋಡಿದ ಮಾದರಿಗಳ ದಾಖಲೆ, ಉಪಕರಣಗಳ ತಪಾಸಣೆ ಇರುವ ಶೆಡ್ಡಿಗೆ ಇಂಥ ಮಾನ್ಯತೆಯ ದಾರಿ ಅರ್ಧ ಸವೆದಂತೆಯೇ.

ಕೂಡಿ ಮಾಡುವ ಮಾತು ಈ ನೆಲಕ್ಕೆ ಹೊಸದಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಬ್ಬ ರೈತನಿಗೆ ಸಿಗದ ಸಾಲ ಹತ್ತು ಜನ ಕೂಡಿದಾಗ ಸಿಕ್ಕಿತೆಂಬುದೇ ಅದರ ಸರಳ ಸೂತ್ರ. ಇಂದು ಒಬ್ಬ ತಗಡಿನ ಉದ್ಯಮಿಗೆ ಎಟುಕದ ಪರೀಕ್ಷೆಯ ಉಪಕರಣವೂ ತರಬೇತಿಯೂ ಅದೇ ಸೂತ್ರದಿಂದ ಎಟುಕಬಲ್ಲವು.

ಡಿಜಿಟಲ್ ಕಂಟ್ರೋಲರ್ ಒಳ್ಳೆಯ ಆಳು. ಹೇಳಿದ್ದನ್ನು ತಪ್ಪದೆ ಮಾಡುತ್ತದೆ. ಆದರೆ ಹೇಳುವವನು ಅರಿತವನಾಗಿರಬೇಕು. ಶುದ್ಧ ನೀರು, ಸರಿಯಾದ ಟಿಪ್, ಸ್ಥಿರ ಗಾಳಿ, ತಪ್ಪದ ವಹಿ, ಸುಲಿದು ನೋಡುವ ಅಭ್ಯಾಸ ಇವು ಇದ್ದಲ್ಲಿ ಅದು ತನ್ನ ಬೆಲೆಯನ್ನು ಹಲವು ಪಟ್ಟು ಹಿಂದಿರುಗಿಸುತ್ತದೆ. ಇಲ್ಲದಲ್ಲಿ ಅದರ ಕೆಂಪು ಅಂಕಿಗಳು ಮಾಲೀಕನ ಕಣ್ಣಿಗೆ ನೆಮ್ಮದಿ ಕೊಟ್ಟಾವೇ ಹೊರತು ಮಾಲಿಗೆ ಬಲ ಕೊಡಲಾರವು. ಬರುವ ಮಳೆಗಾಲಕ್ಕೆ ಮುನ್ನ ಛಾವಣಿಯ ನೀರಿಗೆ ಒಂದು ತೊಟ್ಟಿ, ಯಂತ್ರದ ಪಕ್ಕಕ್ಕೆ ಒಂದು ವಹಿ, ವೈಸ್‌ನ ಪಕ್ಕಕ್ಕೆ ಒಂದು ಉಳಿ ಇವಿಷ್ಟನ್ನು ಹೊಂದಿಸಿಕೊಳ್ಳುವ ಉದ್ಯಮಿ ತನ್ನ ಗಿರಾಕಿಗೆ ಕೊಡುವ ಮಾತನ್ನು ಧೈರ್ಯವಾಗಿ ಕೊಡಬಲ್ಲನು.